ಖಾಜಾಸಾಬ್ ಕೊಡಲಾರೆನೆಂದ ನಾಯಿಮರಿ

ಖಾಜಾಸಾಬ್ ಕನ್ನಡದಲ್ಲಿ ಹೇಳಿದ್ದು ಒಂದು, ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇನ್ನೊಂದು. ತಪ್ಪಿ ಹಾಗಾಗಲಿಲ್ಲ. ಎರಡೂ ಭಾಷೆ ನನಗೆ ಚೆನ್ನಾಗಿ ಬರುತ್ತಿದ್ದವು. ಆ ಜಾಗದಲ್ಲಿ ಎರಡೂ ಬರುತ್ತಿದ್ದವನು ನಾನೊಬ್ಬನೇ — ಅದಕ್ಕೇ ಅದು ಸಾಧ್ಯವಾಯಿತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಇಷ್ಟು ದಿನ ಅದು ನನ್ನೊಳಗೇ ಇತ್ತು, ಇದ್ದರೆ ಯಾರಿಗೇನು ಎಂದುಕೊಂಡಿದ್ದೆ. ಈಗ ಅದರಿಂದ ಬೇರೆಯವನ ಹೆಸರು ಕೆಡುತ್ತಿದೆ. ಕೆಡುತ್ತಿರುವುದು ಹೆಸರೊಂದೇ ಅಲ್ಲ.

ನಾನು ಪಶುಪಾಲನಾ ಇಲಾಖೆಯಲ್ಲಿ ಜಾನುವಾರು ಪರೀಕ್ಷಕನಾಗಿದ್ದವನು. ವೈದ್ಯನಲ್ಲ, ಆದರೂ ಹಗರಿಬೊಮ್ಮನಹಳ್ಳಿಯ ಜನ ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ. ಐದಕ್ಕೆ ಏಳುವುದು, ಎಂಟೂವರೆಗೆ ಆಸ್ಪತ್ರೆಯ ಬಾಗಿಲು ತೆಗೆಯುವುದು, ಆಯಾ ದಿನದ ವಹಿಯನ್ನು ಆಯಾ ದಿನವೇ ಬರೆದು ಮುಗಿಸುವುದು. ನನ್ನ ವಹಿಗಳಲ್ಲಿ ಹೊಡೆದುಹಾಕಿದ ಒಂದು ಸಾಲೂ ಇರಲಿಲ್ಲ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು ಅದನ್ನು ಎತ್ತಿ ಹಿಡಿದು ಉಳಿದವರಿಗೆ ತೋರಿಸಿದ್ದುಂಟು. ಆ ಹೊಗಳಿಕೆ ನನಗೆ ಎಷ್ಟು ಬೇಕಾಗಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಖಾಜಾಸಾಬ್ ಪಂಪ್‌ಸೆಟ್ ಮೆಕ್ಯಾನಿಕ್. ಬಸ್ ನಿಲ್ದಾಣದ ಹಿಂದೆ ಅವನ ತಗಡಿನ ಶೆಡ್ಡು, ಶೆಡ್ಡಿನ ಹಿತ್ತಲಲ್ಲಿ ಅವನ ಬೇಟೆನಾಯಿಗಳು. ಈಗ ಯಾರೂ ಬೇಟೆಗೆ ಹೋಗುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಉದ್ದ ಮೂತಿ, ಬೆನ್ನಿಗೆ ಅಂಟಿದಂಥ ಹೊಟ್ಟೆ, ಓಡಿದರೆ ನೆಲ ಮುಟ್ಟಿತೋ ಇಲ್ಲವೋ ಎನ್ನುವಂಥ ನಾಯಿಗಳು. ಅವನ ತಂದೆಯ ಕಾಲದಿಂದ ಬಂದ ತಳಿ. ಮಾರಿದ್ದು ಎಂದೂ ಇಲ್ಲ, ಕೇಳಿದವರ ಮನೆ ನೋಡಿ ಕೊಡುತ್ತಿದ್ದ.

ತಳಿ ಮುಂದುವರಿಸಲು ಅವನಿಗೊಂದು ಪದ್ಧತಿಯಿತ್ತು. ಮರಿಗೆ ನಾಲ್ಕು ತಿಂಗಳಾದಾಗ, ಸಂಜೆ ದೀಪ ಹಾಕುವ ಮೊದಲು, ಹೊಸ್ತಿಲ ಮೇಲೆ ಮೊರವೊಂದನ್ನು ಅಡ್ಡ ನಿಲ್ಲಿಸುವನು. ಒಳಗೆ ಊಟದ ತಟ್ಟೆ ಇಟ್ಟು ಮರಿಯನ್ನು ಕರೆಯುವನು. ಕಣ್ಣು ಸರಿಯಿರುವ ಮರಿ ಮೊರವನ್ನು ಹಾರಿ ಬರುತ್ತದೆ. ಮಬ್ಬಿನಲ್ಲಿ ಕಾಣದ್ದು ಬಡಿದುಕೊಳ್ಳುತ್ತದೆ. ಮೂರು ಸಂಜೆ ಹೀಗೆ ನೋಡುವನು. ಮೂರರಲ್ಲೂ ಬಡಿದುಕೊಂಡ ಮರಿಯನ್ನು ಪ್ರೀತಿಯಿಂದಲೇ ಸಾಕುವನು, ಸಂತಾನಕ್ಕೆ ಮಾತ್ರ ಬಿಡನು.

ನಾನು ನಗುತ್ತಿದ್ದೆ. "ಖಾಜಾಸಾಬ್ರ, ಕಣ್ಣು ಪರೀಕ್ಷಾ ಮಾಡಾಕ ಬ್ಯಾಟ್ರಿ ಐತಿ. ಅಕ್ಕಿ ಹಸನು ಮಾಡೋ ಮೊರ ಯಾಕ?"

"ನಿಮ್ಮ ಬ್ಯಾಟ್ರಿ ಹಗಲೆಲ್ಲ ನೋಡತೈತ್ರಿ ಡಾಕ್ಟ್ರೇ. ನಾಯಿ ಎಡವೋದು ಸಂಜಿಮುಂದ. ನಿಮ್ಮ ಆಫೀಸು ಐದೂವರಿಗೆ ಬಂದ್, ನಂದು ಆಗ ಚಾಲೂ."

ಐನೋ ಎಂಬ ಫಿನ್‌ಲೆಂಡಿನ ಹೆಂಗಸು ಹಂಪಿ ನೋಡಲು ಬಂದವಳು. ಬಾಡಿಗೆ ಕಾರಿನ ಬೆಲ್ಟು ಹರಿದು ಖಾಜಾಸಾಬನ ಶೆಡ್ಡಿನ ಮುಂದೆ ನಿಂತಳು, ಹಿತ್ತಲ ನಾಯಿಗಳನ್ನು ಕಂಡಳು, ಹಂಪಿಯನ್ನು ಮರೆತಳು. ಮೂರು ತಿಂಗಳ ನಂತರ ಮತ್ತೆ ಬಂದಳು. ತನ್ನ ದೇಶದಲ್ಲಿ ಈ ತಳಿ ಯಾರಲ್ಲೂ ಇಲ್ಲ, ಒಂದು ಗಂಡು ಒಂದು ಹೆಣ್ಣು ಕೊಟ್ಟರೆ ಅಲ್ಲಿ ಬೆಳೆಸುತ್ತೇನೆ ಎಂದಳು. ನಾನೇ ದುಭಾಷಿ. ಖಾಜಾಸಾಬ್ ಅವಳನ್ನು ನಾಲ್ಕು ದಿನ ನಾಯಿಗಳ ಜೊತೆ ಬಿಟ್ಟು ನೋಡಿ ಒಪ್ಪಿದ. ಪ್ರತಿಯಾಗಿ ಪಡೆದದ್ದು ಅವಳು ಪ್ರೀತಿಯಿಂದ ತಂದಿದ್ದ ನಟ್ಟು ಬಿಚ್ಚುವ ಒಂದು ಪಾನಾ ಸೆಟ್ಟು ಮಾತ್ರ.

ಅವಳು ಆರಿಸಿದ ಗಂಡು ಆಗಲೇ ಮೊರ ಹಾರಿದ್ದ ನಾಯಿ; ಹೆಣ್ಣು ಇನ್ನೂ ನಾಲ್ಕು ತಿಂಗಳು ತುಂಬದ ಮರಿ, ಹೀರಾ. ಕಂದು ಮೈ, ಎದೆಯ ಮೇಲೆ ಬಿಳಿ ಪಟ್ಟಿ, ಬಲಗಾಲಿನ ಎರಡು ಬೆರಳು ಬಿಳಿ. ಈ ಗುರುತುಗಳನ್ನೆಲ್ಲ ಬರೆದು, ಲಸಿಕೆಯ ದಿನ ನಮೂದಿಸಿ, 'ಕಣ್ಣುಗಳು ಸಹಜ' ಎಂದು ಸೇರಿಸಿ, ಆರೋಗ್ಯ ಪ್ರಮಾಣಪತ್ರ ಸಿದ್ಧಮಾಡಿದೆ. ವೈದ್ಯಾಧಿಕಾರಿಗಳು ನನ್ನ ಬರಹವನ್ನು ನಂಬಿ ಸಹಿ ಹಾಕಿದರು. ಅದರ ಪ್ರತಿಗಳು ಜಿಲ್ಲೆಗೆ, ವಿಮಾನದವರಿಗೆ, ಅವಳ ದೇಶದ ಕಚೇರಿಗೆ ಹೋದವು. ಒಂದು ಅಕ್ಷರ ಆಚೀಚೆ ಇರಲಿಲ್ಲ.

ಅವಳು ಹೊರಡುವ ಬೆಳಿಗ್ಗೆ ಆರಕ್ಕೆ ವ್ಯಾನು ನಿಂತಿತ್ತು. ಖಾಜಾಸಾಬ್ ಹೀರಾಳನ್ನು ಎತ್ತಿಕೊಂಡು ಬಂದವನು ಪಂಜರದ ಮುಂದೆ ನಿಂತುಬಿಟ್ಟ.

"ಡಾಕ್ಟ್ರೇ, ಈಕಿನ್ನ ಕಳಸಾಕ ಆಗೂದಿಲ್ಲ. ನಿನ್ನಿಗೆ ಮೂರು ಸಂಜಿ ಆತು. ಮೂರೂ ಸಂಜಿ ಮೊರಕ್ಕ ಬಡದಾಳ. ಸಾಕಾಕ ಅಡ್ಡಿಲ್ಲ, ಆದ್ರ ಆಯಮ್ಮ ಮರಿ ಮಾಡಾಕ ಒಯ್ಯಾಕತ್ಯಾಳ. ಈಕಿ ತಂಗಿನ್ನ ಕೊಡ್ತೀನಿ ಅನ್ರಿ. ಅದು ಚಲೋ ಹಾರೇತಿ."

ತಂಗಿ ಎಂದರೆ ಅದೇ ಸೂಲಿನ ಇನ್ನೊಂದು ಮರಿ. ಪೂರ್ತಿ ಕಂದು, ಎದೆಯಲ್ಲಿ ಪಟ್ಟಿಯಿಲ್ಲ, ಬೆರಳಲ್ಲಿ ಬಿಳಿಯಿಲ್ಲ. ನನ್ನ ಕಣ್ಣಿಗೆ ಮರಿ ಕಾಣಲಿಲ್ಲ. ಕಂಡದ್ದು ಪ್ರಮಾಣಪತ್ರ — ಪ್ರತಿ ಸಾಲೂ ಸುಳ್ಳಾಗುವುದು, ಜಿಲ್ಲೆಗೆ ಹೋಗಿ ತಪ್ಪೊಪ್ಪಿಕೊಳ್ಳುವುದು, ಆ ವಹಿಯಲ್ಲಿ ಮೊಟ್ಟಮೊದಲ ಬಾರಿಗೆ ಅಡ್ಡಗೆರೆ ಎಳೆಯುವುದು. ಮೊರದ ಮಾತನ್ನು ನಂಬಿ! ಹಾಗೆಂದುಕೊಂಡೆ. ಅಥವಾ ಹಾಗೆಂದುಕೊಂಡಂತೆ ನನಗೆ ನಾನೇ...

"ಏನು ಹೇಳುತ್ತಿದ್ದಾರೆ?" ಎಂದು ಐನೋ ಕೇಳಿದಳು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಈ ಸೂಲಿನಲ್ಲೇ ಶ್ರೇಷ್ಠ ಮರಿ ಇದು, ಕಳಿಸಲು ಮನಸ್ಸು ಬರುತ್ತಿಲ್ಲ ಅನ್ನುತ್ತಿದ್ದಾರೆ."

ಅವಳ ಕಣ್ಣು ತುಂಬಿದವು. ಖಾಜಾಸಾಬನ ಎರಡೂ ಕೈ ಹಿಡಿದುಕೊಂಡಳು. ಅವನು ಗಲಿಬಿಲಿಯಾಗಿ ನನ್ನತ್ತ ತಿರುಗಿದ. "ತಿಳೀತಂತೇನ್ರಿ ಆಕಿಗಿ?"

"ತಿಳೀತು. ಆದ್ರೂ ಇದೇ ಬೇಕಂತ."

ಎರಡು ಸುಳ್ಳು, ಒಂದು ನಿಮಿಷದೊಳಗೆ, ಎರಡು ಭಾಷೆಗಳಲ್ಲಿ. ವ್ಯಾನು ಆರೂ ಹತ್ತಕ್ಕೆ ಹೊರಟಿತು.

ಅದು ಮೇ ತಿಂಗಳು. ಐನೋಳ ಮೊದಲ ಪತ್ರ ಬಂದಾಗ ನಾನು ಹಿಗ್ಗಿದೆ. ಅಲ್ಲಿ ಬೇಸಿಗೆಯಲ್ಲಿ ಕತ್ತಲೆಯೇ ಆಗುವುದಿಲ್ಲವಂತೆ. ಹೀರಾ ಬಾಣದಂತೆ ಓಡುತ್ತಾಳೆ, ಊರವರೆಲ್ಲ ನೋಡಲು ಬರುತ್ತಾರೆ, ನಿಮ್ಮ ಹೊಳೆಯ ನೆನಪಿಗೆ ಈ ತಳಿಯನ್ನು 'ಹಗರಿ' ಎಂದು ಕರೆಯುತ್ತೇವೆ ಎಂದು ಬರೆದಿದ್ದಳು. ಪತ್ರವನ್ನು ಶೆಡ್ಡಿಗೆ ಒಯ್ದು ಓದಿ ಹೇಳಿದೆ. "ನೋಡ್ರಿ ನಿಮ್ಮ ಮೊರ!" ಎಂದು ಛೇಡಿಸಿದೆ ಕೂಡ. ಖಾಜಾಸಾಬ್ ನಗಲಿಲ್ಲ. "ಕತ್ತಲಾಗಲಿ ತಡೀರಿ" ಎಂದ.

ಡಿಸೆಂಬರಿನಲ್ಲಿ ಎರಡನೆಯ ಪತ್ರ. ಈಗ ಮಧ್ಯಾಹ್ನ ಮೂರಕ್ಕೇ ಕತ್ತಲು, ಹೀರಾ ಮೆಟ್ಟಿಲಿಳಿಯುವುದಿಲ್ಲ, ಬಾಗಿಲಲ್ಲೇ ಕೂತು ನಡುಗುತ್ತಾಳೆ, ನಿಮ್ಮ ಊರಿನ ಬಿಸಿಲು ನೆನಪಾಗುತ್ತಿದೆಯೋ ಏನೋ ಎಂದು ಕೇಳಿದ್ದಳು. ಆ ಕಾಗದ ಹಿಡಿದು ನಾನು ಎಷ್ಟು ಹೊತ್ತು ಕೂತೆನೋ. ಆಗಲೂ ಕಾಲ ಮಿಂಚಿರಲಿಲ್ಲ, ಅವಳಿನ್ನೂ ಮರಿ ಹಾಕಿರಲಿಲ್ಲ. ಒಂದು ಸಾಲು ಸಾಕಾಗಿತ್ತು.

ನಾನು ಬರೆದೆ: 'ನಮ್ಮ ಕಡೆಯ ನಾಯಿಗೆ ಚಳಿ ಹೊಸದು, ಒಗ್ಗಿಹೋಗುತ್ತದೆ.' ಆ ಪತ್ರವನ್ನು ಶೆಡ್ಡಿಗೆ ಒಯ್ಯಲಿಲ್ಲ.

ಮರುವರ್ಷ ಹೀರಾ ಆರು ಮರಿ ಹಾಕಿದಳು. ಅದರಾಚೆಯ ವರ್ಷ ಐನೋ ಇನ್ನೊಂದು ಗಂಡು ಬೇಕೆಂದಾಗ ಖಾಜಾಸಾಬ್ ಮೊರ ಹಾರಿದ ನಾಯಿಯನ್ನೇ ಆರಿಸಿ ಕಳಿಸಿದ. ಆ ಚಳಿಗಾಲದಲ್ಲೇ ಹೀರಾ ರಸ್ತೆ ದಾಟುವಾಗ ಕಾರಿಗೆ ಸಿಕ್ಕಿ ಸತ್ತಳು. ದೀಪ ಹೊತ್ತಿಸಿಕೊಂಡು ಬರುತ್ತಿದ್ದ ಕಾರಿಗೆ ನೇರ ಎದುರಾಗಿ ನಡೆದಳಂತೆ, ಏಕೆಂದು ತಿಳಿಯಲಿಲ್ಲ ಎಂದು ಐನೋ ಬರೆದಳು. ನನಗೆ ತಿಳಿದಿತ್ತು. ಸಂತಾಪ ಸೂಚಿಸಿ ಬರೆದೆ — ಅದೇ ದಿನ, ಬಾಕಿ ಇಡದೆ.

ಆಮೇಲೆ ಕಾಗದಗಳು ಇಮೇಲಾದವು, ನಾನು ನಿವೃತ್ತನಾದೆ. ಹೀರಾಳ ಮೊಮ್ಮಕ್ಕಳು ಮರಿಮಕ್ಕಳು ಆ ದೇಶದ ತುಂಬ ಹರಡಿದರು. ಅವುಗಳನ್ನು ಸಾಕುವವರದೊಂದು ಸಂಘವಾಯಿತು.

ಈ ತಿಂಗಳ ಮೊದಲಲ್ಲಿ ಆ ಸಂಘ ತಳಿಯ ಚರಿತ್ರೆಯನ್ನು ಸಣ್ಣ ಪುಸ್ತಕವಾಗಿ ತಂದಿದೆ. ಐನೋ ಅದನ್ನು ಖಾಜಾಸಾಬನ ಮಗಳು ಶಬಾನಾಳ ಫೋನಿಗೆ ಕಳಿಸಿದ್ದಾಳೆ. ಶಬಾನಾ ಕೊಟ್ಟೂರಿನಲ್ಲಿ ಶಿಕ್ಷಕಿ. ಓದಿ, ತಂದೆಯನ್ನು ಕರೆದುಕೊಂಡು ನೇರ ನನ್ನ ಮನೆಗೆ ಬಂದಳು.

"ಕಾಕಾ, ಇದನ್ನ ನೀವ ಓದ್ರಿ. ನಾನು ತಪ್ಪು ಓದೀನೇನೋ ನೋಡ್ರಿ."

ತಪ್ಪು ಓದಿರಲಿಲ್ಲ. ಹಗರಿ ನಾಯಿಗಳಲ್ಲಿ ಮೊದಲು ಇರುಳುಗುರುಡು, ನಾಲ್ಕೈದು ವರ್ಷಕ್ಕೆ ಪೂರ್ತಿ ಕುರುಡು ಕಾಣಿಸಿಕೊಂಡಿದೆ. ಮೊದಲ ಜೋಡಿಯ ಕಣ್ಣು ಸಹಜವಿತ್ತೆಂಬುದಕ್ಕೆ ಸರ್ಕಾರಿ ಪ್ರಮಾಣಪತ್ರವಿದೆ, ಎರಡನೆಯ ಗಂಡಿನ ಪತ್ರದಲ್ಲಿ ಕಣ್ಣಿನ ಮಾತಿಲ್ಲ, ಹಾಗಾಗಿ ದೋಷ ಅದರಿಂದಲೇ ಬಂದಿರಬೇಕು. ಅದನ್ನು ಮಾರಿದ ಮೆಕ್ಯಾನಿಕ್ ಬಹುಶಃ ತಿಳಿದೇ ಮುಚ್ಚಿಟ್ಟ. ಆದ್ದರಿಂದ ಆ ಗಂಡಿನ ಸಂತತಿಯನ್ನು ಕೈಬಿಟ್ಟು, ಹೀರಾಳ ಶುದ್ಧ ಸಂತತಿಯನ್ನೇ ಪರಸ್ಪರ ಕೂಡಿಸಲಾಗುತ್ತಿದೆ. ಮುಂದಿನ ಕೂಡಿಕೆ ಇದೇ ತಿಂಗಳ ಕೊನೆಯಲ್ಲಿ.

ಖಾಜಾಸಾಬ್ ಕುರ್ಚಿಯ ಅಂಚಿಗೆ ಕೂತಿದ್ದ. ಎಪ್ಪತ್ತು ದಾಟಿದ ಮನುಷ್ಯ, ಯಾರ ಮುಂದೆಯೂ ಹಾಗೆ ಕೂತವನಲ್ಲ.

"ಡಾಕ್ಟ್ರೇ, ಅವತ್ತ ನಾ ಹೇಳಿದ್ದನ್ನ ಆಯಮ್ಮಗ ಹೇಳಿದ್ರಿಲ್ಲೋ?"

"ಹೇಳಿದ್ದೆ ಖಾಜಾಸಾಬ್ರ."

"ನೋಡವಾ, ನಾ ಅನ್ನಲಿಲ್ಲೇನು?" ಎಂದು ಅವನು ಮಗಳತ್ತ ತಿರುಗಿದ. "ಡಾಕ್ಟ್ರು ಹೇಳ್ಯಾರ. ಇವ್ರು ಒಂದು ಅಕ್ಷರ ಹೆಚ್ಚುಕಡಿಮಿ ಮಾಡೋ ಪೈಕಿ ಅಲ್ಲ. ಆಕೀನ ಮರತಾಳ."

ಶಬಾನಾ ನನ್ನನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ನಾನು ಊಟಕ್ಕೆ ಏಳಲಿಲ್ಲ. ಹಳೆಯ ಸುಳ್ಳಿಗೆ ಆಗ ಅವಸರವಿತ್ತು, ವ್ಯಾನಿತ್ತು, ಅಹಂಕಾರವಿತ್ತು — ಈ ಹೊಸ ಸುಳ್ಳಿಗೆ ಏನಿತ್ತು? ಕೆಲಸವಿಲ್ಲ, ಮೇಲಧಿಕಾರಿಯಿಲ್ಲ, ವಹಿಯಿಲ್ಲ. ಎರಡು ದಿನ ಹಾಗೇ ಕಳೆದೆ. ಮೂರನೆಯ ದಿನ ಐನೋಳಿಗೂ ಸಂಘದ ವಿಳಾಸಕ್ಕೂ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೆದೆ: ದೋಷ ಹೀರಾಳದು, ಮೆಕ್ಯಾನಿಕ್ ಹೇಳಿದ್ದ, ಮರೆಮಾಚಿದವನು ನಾನು, ದಯವಿಟ್ಟು ಕೂಡಿಸುವುದನ್ನು ನಿಲ್ಲಿಸಿ. ಕಳಿಸಿ, ಶೆಡ್ಡಿಗೆ ನಡೆದೆ.

ಖಾಜಾಸಾಬ್ ಮೋಟರೊಂದಕ್ಕೆ ತಂತಿ ಸುತ್ತುತ್ತಿದ್ದ. ನಿಂತೇ ಹೇಳಿದೆ. ಅವನ ಕೈ ನಿಂತಿತು. ಬೈದಿದ್ದರೆ...

"ಇಪ್ಪತ್ತು ವರ್ಷ ನನ್ನ ಚಾ ಕುಡದೀರಿ" ಎಂದ.

"ಹೌದು."

"ಈಗ ಅವನ್ನ ಕೂಡಸೂದು ನಿಲ್ಲಿಸ್ಯಾರೇನು?"

"ಗೊತ್ತಿಲ್ಲ. ಇವತ್ತ ಬರದೀನಿ. ಉತ್ತರ ಬಂದಿಲ್ಲ."

"ಮತ್ತ ಇಲ್ಲ್ಯಾಕ ನಿಂತೀರಿ? ನನ್ನ ಹೆಸರು ಕೆಟ್ರ ಈ ಊರಾಗಿನ ಮಂದಿ ನನ್ನ ನೋಡ್ಯಾರ, ಅವರಿಗೆ ಗೊತ್ತೈತಿ. ಆ ಮರಿಗೋಳಿಗೆ ಯಾರದಾರ? ಹೋಗ್ರಿ. ಉತ್ತರ ಬರೋತನಕ ಬರೀರಿ." ಅವನು ಮತ್ತೆ ತಂತಿ ಕೈಗೆ ತೆಗೆದುಕೊಂಡ. "ಅಲ್ಲೀತನಕ ಈ ಕಡಿ ಬರಬ್ಯಾಡ್ರಿ. ಆಮ್ಯಾಲೂ ಬರ್ರಿ ಅಂತ ಹೇಳಾಂಗಿಲ್ಲ ನಾನು."

ಇದನ್ನು ಓದುವವರಲ್ಲಿ ಹಗರಿಬೊಮ್ಮನಹಳ್ಳಿಯವರಿದ್ದರೆ ತಿಳಿದಿರಲಿ: ಖಾಜಾಸಾಬ್ ಏನನ್ನೂ ಮುಚ್ಚಿಡಲಿಲ್ಲ. ಎಲ್ಲರೆದುರು, ಬೆಳಕಿನಲ್ಲಿ, ಗಟ್ಟಿಯಾಗಿ ಹೇಳಿದ್ದ. ನನ್ನ ಬಾಯಿ ಅದನ್ನು ನುಂಗಿತು.

ಎಂಟು ದಿನವಾಯಿತು. ದಿನಾ ಬೆಳಿಗ್ಗೆ ಎರಡೂ ವಿಳಾಸಕ್ಕೆ ಬರೆಯುತ್ತಿದ್ದೇನೆ. ಐನೋ ಕಾಯಿಲೆ ಬಿದ್ದಿದ್ದಾಳೋ, ಓದಿ ಮುಖ ತಿರುಗಿಸಿದ್ದಾಳೋ, ಸಂಘದವರು ಯಾವನೋ ಮುದುಕನ ಹುಚ್ಚೆಂದು ಬದಿಗಿಟ್ಟರೋ — ಸರ್ಕಾರಿ ಮುದ್ರೆಯಿರುವ ಕಾಗದವನ್ನು ಬಿಟ್ಟು ನನ್ನ ಬಾಯಿಮಾತನ್ನು ಅವರು ಏಕೆ ನಂಬಬೇಕು? ಅದಕ್ಕೇ ನಾಳೆ ಆಸ್ಪತ್ರೆಗೆ ಹೋಗಿ, ಆ ಪ್ರಮಾಣಪತ್ರ ಸುಳ್ಳೆಂದು ಇಲಾಖೆಗೆ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಅವರಿಗೆ ಕಳಿಸುತ್ತೇನೆ. ಅದರಿಂದ ನನಗೇನಾಗುತ್ತದೋ ಆಗಲಿ.

ತಿಂಗಳು ಮುಗಿಯಲು ಇನ್ನು ನಾಲ್ಕು ದಿನ.