ಕೂತು ಉಣ್ಣುವ ಯೋಜನೆ

ಯಲಹಂಕದ ದಾರಿಯಲ್ಲಿ ಹೊಸದಾಗಿ ಎದ್ದಿರುವ ಜೈಂಟ್ ವೀಲಿನ ರೆಸಾರ್ಟಿಗೆ ಒಬ್ಬರೇ ಹೋಗಿ, ಮೇಣದಬತ್ತಿ ಹಚ್ಚಿದ ಮೇಜಿನಲ್ಲಿ ಗತ್ತಾಗಿ ಊಟ ಮಾಡಿಬರುವ ಯೋಜನೆಯನ್ನು ಆರ್.ಟಿ. ನಗರದ ಅಲಮೇಲಮ್ಮ ಪ್ರತಿ ಶನಿವಾರ ಹಾಕುತ್ತಾರೆ. ಧರ್ಮಾವರಂ ಸೀರೆಗೆ ಇಸ್ತ್ರಿಯಾಗುತ್ತದೆ. ಅಭ್ಯಾಸಕ್ಕೆಂದು ಮನೆಯ ದೋಸೆಗಳು ಫೋರ್ಕಿನ ತಿವಿತ ತಿನ್ನುತ್ತವೆ. "ನಾವು ಕೂತಿರ್ತೀವಂತೆ, ಬಡಿಸೋರು ಪಕ್ಕದಲ್ಲೇ ನಿಂತಿರ್ತಾರಂತೆ ಕಣ್ರೀ!" ಎಂದು ನೆರೆಮನೆಯ ಪಂಕಜಾಗೆ ಹೇಳುವಾಗ ಅವರ ದನಿ ಪವಾಡ ಕಂಡು ಬಂದವರಂತೆ ತಗ್ಗುತ್ತದೆ. ರಿಹರ್ಸಲ್ಲಿಗೆ ಬೇರರ್ ಆಗುವವರು ಗಂಡ ಸೇತುರಾಮಯ್ಯ. ಅವರು ಹೆಗಲಿಗೆ ಟವೆಲ್ ಹಾಕಿಕೊಂಡು ಸಾರಿನ ಪಾತ್ರೆ ತರುತ್ತಾರೆ. ಸೌಟು ಮೇಲೇಳುವಷ್ಟರಲ್ಲಿ ಅಲಮೇಲಮ್ಮನೂ ಎದ್ದುಬಿಡುತ್ತಾರೆ: "ಕೊಡಿ ಇಲ್ಲಿ, ಚೆಲ್ಬಿಡ್ತೀರ. ಮೊದ್ಲು ನಿಮ್ಮದಾಗ್ಲಿ." ಸೇತುರಾಮಯ್ಯ ಹೆಂಡತಿಯ ತಟ್ಟೆಯ ಮುಂದೆ ಕೂತು, ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಾ ಕೇಳುತ್ತಾರೆ, "ಮತ್ತೆ ಯಾವತ್ತೇ ಹೋಗೋದು?" "ಹೋಗ್ತೀನಿ ಇರಿ. ಫೋರ್ಕು ಬಂತು, ಕೂತ್ಕೊಳ್ಳೋದೊಂದು ಇನ್ನೂ ಬರ್ತಿಲ್ಲ."