ತೋಳಿಗೋ, ಸೊಂಟಕ್ಕೋ?

ತೆಲಂಗಾಣದ ಗಡಿ ಹಳ್ಳಿ ಉಟ್ಕೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಲಯ್ಯನವರ ಕುರಿಗಳು ಹಟ್ಟಿ ಬಿಡುವ ಮೊದಲೇ ಶಿವಗಂಗಾ ಅಂಗಳಕ್ಕೆ ಬಂದಿದ್ದಾರೆ. ಎರಡು ದಿನದಿಂದ ಜ್ವರ, ಕೆಮ್ಮು ಇದ್ದರೂ ಬಾಲಯ್ಯ ಕುರಿ ಹೊಡೆದುಕೊಂಡು ಹೋಗುವವರೇ, ತಡವಾದರೆ ಸಿಗುವುದಿಲ್ಲ. ಶಿವಗಂಗಾ ಹತ್ತಿ ಸುತ್ತಿದ ಕಡ್ಡಿಯನ್ನು ಅವರ ಗಂಟಲ ಹಿಂಭಾಗಕ್ಕೆ ಮುಟ್ಟಿಸಿ, ಸಣ್ಣ ಸೀಸೆಗೆ ಇಳಿಸಿ, ಐಸ್ ಪೆಟ್ಟಿಗೆಯಲ್ಲಿಡುತ್ತಾರೆ.

“ಕುರಿಗೂ ಇಷ್ಟು ಬಾಯಿ ತೆರಸಂಗಿಲ್ಲ ನಾನು,” ಎಂದು ಬಾಲಯ್ಯ ಗೊಣಗುತ್ತಾರೆ.

“ಕುರಿಗೆ ನಾ ಪ್ರಶ್ನೆ ಕೇಳಂಗಿಲ್ಲ ಕಾಕಾ. ನಿನಗ ಇನ್ನೊಂದು ಕೇಳೋದೈತಿ, ಕುಂದ್ರು.”

ಮಕ್ತಲ್‌ನ ಶಿವಗಂಗಾ ಅವರಿಗೆ ನಲವತ್ನಾಲ್ಕು ವರ್ಷ. ರಾಯಚೂರಿನಲ್ಲಿ ಲ್ಯಾಬ್ ಕೋರ್ಸ್ ಮುಗಿಸಿ, ಊರಿನ ಖಾಸಗಿ ಲ್ಯಾಬಿನಲ್ಲಿ ಹನ್ನೊಂದು ವರ್ಷ ರಕ್ತ ಪರೀಕ್ಷೆ ಮಾಡಿದವರು. ಮೂರು ವರ್ಷದಿಂದ ಹೈದರಾಬಾದಿನ ಸಂಶೋಧನಾ ತಂಡವೊಂದಕ್ಕೆ ಗುತ್ತಿಗೆಯ ಮೇಲೆ ಮಾದರಿ ಸಂಗ್ರಹಿಸುತ್ತಾರೆ. ಸೋಮವಾರ, ಗುರುವಾರ ನಾರಾಯಣಪೇಟೆ. ಮಂಗಳವಾರ, ಶುಕ್ರವಾರ ಗದ್ವಾಲ್. ಉಳಿದ ದಿನ ಮಕ್ತಲ್ ಮತ್ತು ಸುತ್ತಲ ಹಳ್ಳಿ. ದಿನಕ್ಕೆ ಐದಾರು ಮಾದರಿ. ಸಂಜೆ ನಾಲ್ಕಕ್ಕೆ ತಂಡದ ಜೀಪು ಬರುವವರೆಗೆ ಪೆಟ್ಟಿಗೆಯೊಳಗಿನ ತಾಪ ಎರಡರಿಂದ ಎಂಟು ಡಿಗ್ರಿಯೊಳಗೇ ಇರಬೇಕು.

ಫ್ಲೂ ವೈರಸ್ ವರ್ಷವರ್ಷವೂ ರೂಪ ಬದಲಿಸುತ್ತದೆ. ಬರುವ ಹಂಗಾಮಿನಲ್ಲಿ ಲಸಿಕೆ ಎಷ್ಟು ಕೆಲಸ ಮಾಡೀತು ಎಂದು ಅಂದಾಜಿಸಬೇಕಾದರೆ, ಹಿಂದಿನ ಹಂಗಾಮಿನಲ್ಲಿ ಎಷ್ಟು ಕಾಪಾಡಿತು ಎಂಬುದು ತಿಳಿದಿರಬೇಕು. ಜ್ವರ ಬಂದವರಲ್ಲಿ ಫ್ಲೂ ಯಾರಿಗೆ, ಬೇರೆ ಸೋಂಕು ಯಾರಿಗೆ, ಅವರಲ್ಲಿ ಲಸಿಕೆ ಪಡೆದವರು ಎಷ್ಟು ಎಂದು ತಂಡ ಹೋಲಿಸುತ್ತದೆ. ಗಂಟಲಿನ ಮಾದರಿಯಷ್ಟೇ ಮುಖ್ಯ, ಫಾರಂನ ಒಂದು ಪ್ರಶ್ನೆ: ಲಸಿಕೆ ಹಾಕಿಸಿಕೊಂಡಿದ್ದೀರಾ?

ಕೋವಿಡ್ ನೆನಪಿನಿಂದ ಮೊದಮೊದಲು ಕಡ್ಡಿ ಕಂಡರೆ ಜನ ಬಾಗಿಲು ಹಾಕುತ್ತಿದ್ದರು. ಆ ಭಯ ಕಳೆಯಿತು. ಆದರೆ ಕಳೆದ ವರ್ಷ ಬೇರೆಯೇ ಪೆಟ್ಟು ಬಿತ್ತು. ಗದ್ವಾಲ್‌ನಲ್ಲಿರುವ ಮೇಲ್ವಿಚಾರಕ ಭೀಮಶಂಕರ್ ಫೋನ್ ಮಾಡಿದರು: ಶಿವಗಂಗಾ ಕಳಿಸಿದ ಫಾರಂಗಳ ಪ್ರಕಾರ, ಲಸಿಕೆ ಪಡೆದವರಿಗೇ ಫ್ಲೂ ಹೆಚ್ಚು. ಹೈದರಾಬಾದಿನವರು ಮೂರೂ ಊರಿನ ಅಂಕಿಗಳನ್ನು ಕೈಬಿಡಲಿದ್ದಾರೆ.

“ಎರಡು ದಿನ ಊಟ ಸೇರಲಿಲ್ರಿ. ನಾ ಸುಳ್ಳು ಬರದಿಲ್ಲ, ಜನ ಸುಳ್ಳು ಹೇಳಿಲ್ಲ. ಮತ್ತ ತಪ್ಪು ಎಲ್ಲೈತಿ?” ಎಂದು ಶಿವಗಂಗಾ ಆ ದಿನಗಳನ್ನು ನೆನೆಯುತ್ತಾರೆ.

ತಪ್ಪು ಸಿಕ್ಕಿದ್ದು ಇದೇ ಬಾಲಯ್ಯನವರ ಅಂಗಳದಲ್ಲಿ. ಅವರೂ ‘ಹೌದು’ ಎಂದವರೇ. ಯಾವಾಗ ಎಂದು ಶಿವಗಂಗಾ ಮತ್ತೆ ಕೇಳಿದರು. “ಜ್ವರ ಬಂದ ಮರುದಿನಾನ. ಡಾಕ್ಟ್ರು ಸೊಂಟಕ್ಕ ಹಾಕಿದ್ರಲ್ಲ,” ಎಂದರು ಬಾಲಯ್ಯ. ಲಸಿಕೆ ಎಂದರೆ ಅರ್ಥವಾಗದೆಂದು ಶಿವಗಂಗಾ ‘ಸೂಜಿ’ ಎನ್ನುತ್ತಿದ್ದರು, ತೆಲುಗಿನವರಿಗೆ ‘ಸೂದಿ’. ಇಲ್ಲಿ ಜ್ವರ ಇಳಿಸುವುದೂ ಸೂಜಿಯೇ, ಜ್ವರ ತಡೆಯುವುದೂ ಸೂಜಿಯೇ. ಫ್ಲೂ ಜೋರಾಗಿ ಡಾಕ್ಟರ ಬಳಿ ಸೂಜಿ ಹಾಕಿಸಿಕೊಂಡವರೆಲ್ಲ ಫಾರಂನಲ್ಲಿ ಲಸಿಕೆ ಪಡೆದವರಾಗಿದ್ದರು.

ಭೀಮಶಂಕರ್ ಅವರಿಂದ ಮೂರು ವಾರದ ಗಡುವು ಕೇಳಿ, ‘ಹೌದು’ ಎಂದಿದ್ದ 131 ಜನರ ಮನೆಗೆ ಶಿವಗಂಗಾ ಮತ್ತೆ ಹೋದರು. ನಾರಾಯಣಪೇಟೆ ಕಡೆಯ ಧನ್ವಾಡದಿಂದ ಗದ್ವಾಲ್ ಕಡೆಯ ಮಾನೋಪಾಡಿನವರೆಗೆ ಬಸ್ಸು, ಶೇರ್ ಆಟೊ, ಉಳಿದದ್ದು ಕಾಲ್ನಡಿಗೆ. ಈಗ ಪ್ರಶ್ನೆ ಎರಡು: ಜ್ವರಕ್ಕಿಂತ ಮುಂಚಿನದೋ, ಆಮೇಲಿನದೋ? ತೋಳಿಗೋ, ಸೊಂಟಕ್ಕೋ? ಗದ್ವಾಲ್‌ನ ಪೆಂಟಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ: “ಇದನ್ನ ಬರ್ಕೊಳಾಕ ಸರ್ಕಾರ ನಿನಗ ಪಗಾರ ಕೊಡ್ತೈತೇನವ್ವ?”

ಹತ್ತೊಂಬತ್ತು ದಿನದಲ್ಲಿ ಎಲ್ಲರೂ ಸಿಕ್ಕರು. ನಿಜವಾಗಿ ಲಸಿಕೆ ಪಡೆದವರು 38 ಮಂದಿ ಮಾತ್ರ. ಇಷ್ಟು ಸಣ್ಣ ಅಂಕಿಯಿಂದ ಲಸಿಕೆಯ ಬಗ್ಗೆ ಏನನ್ನೂ ಹೇಳಲಾಗದು. ದೊಡ್ಡ ಲೆಕ್ಕದೊಳಗೆ ಸೇರಿದರಷ್ಟೇ ಅದಕ್ಕೆ ಬೆಲೆ. ಈ ಸಲ ಸೇರಿತು. ಮೂರೂ ಊರುಗಳು ಉಳಿದುಕೊಂಡವು.

ಹೊಸ ಫಾರಂನಲ್ಲಿ ಎರಡೂ ಪ್ರಶ್ನೆಗಳು ಅಚ್ಚಾಗಿವೆ. ಆದರೆ ‘ಸೊಂಟ’ ಹೋಗಿ ‘ಶರೀರದ ಯಾವ ಭಾಗಕ್ಕೆ’ ಎಂದಾಗಿದೆ. ಶಿವಗಂಗಾ ಅವರ ಆಸೆ ಒಂದೇ: “ನಾ ಕೇಳಿದಂಗ ಅಚ್ಚು ಹಾಕ್ಲಿ. ನನ್ನ ಹೆಸರು ಬ್ಯಾಡ. ಶರೀರ ಅಂದ್ರ ಜನ ಪೂರಾ ಮೈ ತೋರಸ್ತಾರ.”

ಇಂದು ಹಟ್ಟಿಯಲ್ಲಿ ಕುರಿಗಳು ಆಗಲೇ ಬಾಗಿಲ ಕಡೆ ನುಗ್ಗುತ್ತಿವೆ. ಶಿವಗಂಗಾ ಪೆನ್ನು ತೆಗೆದು, “ಕಾಕಾ, ಸೂಜಿ...” ಎನ್ನುವಷ್ಟರಲ್ಲಿ ಬಾಲಯ್ಯ ಕೋಲನ್ನು ಕಂಕುಳಿಗೆ ಸಿಗಿಸಿ, ಅಂಗಿಯ ತೋಳು ಮೇಲೆತ್ತುತ್ತಾರೆ.

“ಇಲ್ಲಿಗೆ ಬರ್ಕೊ ಯವ್ವ. ಬಿತ್ತೋದಕ್ಕಿಂತ ಮುಂಚೆ. ಜ್ವರ ಇದ್ದಿಲ್ಲ.”

ಶಿವಗಂಗಾ ‘ಹೌದು’ ಎಂಬುದಕ್ಕೆ ಗುರುತು ಹಾಕುತ್ತಾರೆ. ಈ ಸಲ ಎರಡನೇ ಬಾರಿ ಕೇಳುವುದಿಲ್ಲ.