ಹಾಡುಗಳು ತೆವಳಿದ ದಿನ

ಅಪಿಯಾ ಪಟ್ಟಣದ ಆ ಮನೆಯವರ ಫೋಟೊ, ವಿಡಿಯೊಗಳೆಲ್ಲ ಇರುವ ಕಂಪ್ಯೂಟರ್ ಪೆಟ್ಟಿಗೆಗೆ ಮೊಮ್ಮಗ ಫಲಾನಿಕೊನೇ ಕಾವಲು. ತೀರಿಹೋದ ಅಜ್ಜಿಯ ಹಾಡುಗಳನ್ನು ಅದರಿಂದ ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಲೆಪೆಕಾ ಅತ್ತೆ ಸಂಜೆಯ ವಿಮಾನಕ್ಕೆ ಹೊರಡಬೇಕಿತ್ತು. ಹಾಡುಗಳೋ ಆಮೆಯಂತೆ ತೆವಳುತ್ತಿದ್ದವು. ಫಲಾನಿಕೊ ಪೆಟ್ಟಿಗೆ ಆರಿಸಿ ಹಾಕಿದ, ಡಿಸ್ಕ್ ಪರೀಕ್ಷಿಸಿದ, ಏನೂ ತಿಳಿಯಲಿಲ್ಲ.

"ನನ್ನ ಇಲ್ಲೇ ಉಳಿಸ್ಕೊಳ್ಳೋ ಹಾಗಿದೆಯಲ್ಲೋ ನಿನ್ನ ಪೆಟ್ಟಿಗೆ!" ಎಂದು ಅತ್ತೆ ಛೇಡಿಸಿದಳು.

ಕಂಬಕ್ಕೊರಗಿ ಚಾಪೆಯ ಮೇಲೆ ಕೂತಿದ್ದ ಅಜ್ಜ ಊಟಕ್ಕೆದ್ದಾಗ ವೇಗ ಒಮ್ಮೆಲೇ ಏರಿತು. ಮರಳಿ ಕೂತೊಡನೆ ಕುಸಿಯಿತು. ಪೆಟ್ಟಿಗೆಗೂ ಅಜ್ಜನ ಊಟಕ್ಕೂ ಎಲ್ಲಿಯ ನಂಟು? ಕೊನೆಗೆ ಕಣ್ಣಿಗೆ ಬಿತ್ತು: ಪೆಟ್ಟಿಗೆಯ ತಂತಿ ಅಜ್ಜನ ಚಾಪೆಯಡಿ ಹಾದುಹೋಗಿತ್ತು, ಅವರು ಕೂತಾಗಲೆಲ್ಲ ಅದುಮಿಹೋಗುತ್ತಿತ್ತು. ಮನೆತನದ ಯಜಮಾನರನ್ನು ಅವರಿಗೆಂದೇ ಮೀಸಲಾದ ಕಂಬದ ಬುಡದಿಂದ ಏಳಿಸುವುದುಂಟೆ?

ಫಲಾನಿಕೊ ಬಾಗಿ ಹೋಗಿ ಮೊಣಕಾಲೂರಿದ. "ತಪ್ಪು ತಿಳೀಬೇಡಿ ಅಜ್ಜ, ಅಜ್ಜಿ ಹಾಡು ನಿಮ್ಮ ಕೆಳಗೆ ಸಿಕ್ಕೊಂಡಿದೆ."

"ಬದುಕಿದ್ದಾಗ್ಲೂ ನನ್ನ ನೆಮ್ಮದಿಯಾಗಿ ಕೂರೋಕೆ ಬಿಟ್ಟೋಳಲ್ಲ ಬಿಡು," ಎನ್ನುತ್ತ ಅಜ್ಜ ಕಂಬ ಹಿಡಿದು ಎದ್ದರು.